ಲೆಕ್ಕಕ್ಕಿಲ್ಲದವರ ಕೋಣ

ನಮ್ಮೂರಲ್ಲಿ ಮಂಗಳವಾರ ಕೋಣ ಏಳುತ್ತದೆ. ಕೆರೆಯ ಕೆಸರಿನಿಂದಲೇ ಏಳುತ್ತದೆ. ಕೆಸರಿನದೇ ಮೈ, ಕೆಸರಿನದೇ ಕೊಂಬು. ಎದ್ದು ಮೈ ಕೊಡವಿ, ಬೇರೆ ಊರುಗಳಿಗೆ ಬೆಳಗಿನ ಬಸ್ಸು ಬರುವ ಹಾಗೆ, ತನ್ನ ಪಾಡಿಗೆ ತಾನು ಸಂತೆ ಮೈದಾನಕ್ಕೆ ಬರುತ್ತದೆ. ಹೊತ್ತು ಇಳಿಯುವುದರೊಳಗೆ ಅದನ್ನು ಹೊಡೆದು ಕೆಡವಬೇಕು. ಬಿದ್ದ ಕೋಣ ಬಿದ್ದಲ್ಲೇ ನೀರಾಗುತ್ತದೆ, ಊರಿಗೆಲ್ಲ ವಾರಕ್ಕಾಗುವಷ್ಟು ಸಿಹಿನೀರು. ಕೆಡವದಿದ್ದರೆ ತಿರುಗಿ ಕೆರೆಗೆ ಹೋಗಿ ಮಲಗುತ್ತದೆ, ಊರು ಮುಂದಿನ ಮಂಗಳವಾರದವರೆಗೆ ಬಾಯಿ ಒಣಗಿಸಿಕೊಂಡು ಕೂರುತ್ತದೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರಂತೆ. ನಗಲಿ. ಅವರ ನಲ್ಲಿಯ ನೀರು ಯಾರ ಬೆನ್ನು ಹತ್ತಿ ಬರುತ್ತದೆ ಅಂತ ಅವರೂ ಒಂದು ಸಲ ಹೋಗಿ ನೋಡಲಿ.

ಕೋಣದ ಮೇಲೆ ನಮಗೆ ತಕರಾರಿಲ್ಲ. ತಕರಾರಿರುವುದು ಆಟ ಸಮಿತಿಯ ಮೇಲೆ. ಮೈದಾನದ ಸುತ್ತ ಸುಣ್ಣದ ಗೆರೆ ಎಳೆದವರು ಅವರು, ನಿಯಮ ಮಾಡಿದವರು ಅವರು, ಸೀಟಿ ಊದುವವರೂ ಅವರೇ. ನಿಯಮ ಎರಡೇ ಎರಡು. ಕೋಣಕ್ಕೆ ತಾಗಿದ ಪ್ರತಿ ಏಟಿಗೆ ಒಂದು ಅಂಕ, ಏಟು ಎಂಥದಾದರೂ ಸರಿ. ಕೋಣ ಯಾರನ್ನು ಮುಟ್ಟಿತೋ ಅವರು ಔಟು, ಅವರ ಅಂಕವೆಲ್ಲ ಹೋಮ. ಮುಟ್ಟುವುದು ಅಂದರೆ ನಮ್ಮೂರಿನ ದೊಡ್ಡವರಿಗೆ ಹಿಂದಿನಿಂದಲೂ ಒಂದು ಹೆದರಿಕೆ. ಅದನ್ನೇ ತಂದು ಕೋಣಕ್ಕೂ ಹಚ್ಚಿದರು. ಯಾವ ಓಣಿಗೆ ಅಂಕ ಹೆಚ್ಚೋ ಆ ಓಣಿಯ ಕಾಲುವೆಗೆ ನೀರು ಹೆಚ್ಚು.

ಇಂಥ ನಿಯಮಕ್ಕೆ ಎಂಥ ಆಟಗಾರ ಹುಟ್ಟಬೇಕೋ ಅಂಥವನೇ ಹುಟ್ಟಿದ. ಅವನು ಸಮಿತಿಯ ಅಧ್ಯಕ್ಷ ಪರ್ವತಪ್ಪನವರ ಅಳಿಯ, ನಿರಂಜನ. ಮೈದಾನದ ಅಂಚಿಗೆ ಅವರದೇ ಹಿಟ್ಟಿನ ಗಿರಣಿ ಇದೆ. ಸುಣ್ಣದ ಗೆರೆ ಅಲ್ಲಿಗೆ ಬಂದಾಗ ಊಟ ಮುಗಿಸಿದವರ ಹೊಟ್ಟೆಯ ಹಾಗೆ ಸ್ವಲ್ಪ ಉಬ್ಬಿ, ಗಿರಣಿಯನ್ನು ಒಳಗೆ ಹಾಕಿಕೊಂಡು ಮುಂದೆ ಹೋಗುತ್ತದೆ. ಆ ಗಿರಣಿಯ ಮಾಳಿಗೆಯ ಮೇಲೆ ಅಳಿಯಂದಿರು ಕುರ್ಚಿ ಹಾಕಿಸಿಕೊಂಡು, ಪಕ್ಕಕ್ಕೆ ಬಜ್ಜಿಯ ತಟ್ಟೆ ಇಟ್ಟುಕೊಂಡು, ಕವಣೆಯಿಂದ ಹುರಿಗಡಲೆ ಗಾತ್ರದ ಕಲ್ಲು ಬೀಸುತ್ತಿದ್ದರು. ದೊಡ್ಡ ಕಲ್ಲಿಗೂ ಒಂದೇ ಅಂಕ, ಸಣ್ಣ ಕಲ್ಲಿಗೂ ಒಂದೇ ಅಂಕ. ಹಾಗಿರುವಾಗ ದೊಡ್ಡ ಕಲ್ಲನ್ನು ಯಾವ ಮೂರ್ಖ ಎತ್ತುತ್ತಾನೆ? ಕೋಣ ನೊಣ ಓಡಿಸುವಂತೆ ಕಿವಿ ಅಲ್ಲಾಡಿಸುತ್ತಿತ್ತು. ಸೀಟಿ ಮಾಸ್ತರ ಗುರುಬಸಪ್ಪ ಹಲಗೆಯ ಮೇಲೆ ಅಂಕ ಏರಿಸುತ್ತಿದ್ದರು. ಮೇಲಿನ ಓಣಿಗಳ ಯುವಕರೆಲ್ಲ ಮಾಳಿಗೆ ಹತ್ತಿ ಇದನ್ನೇ ಕಲಿತರು. ವರ್ಷಗಟ್ಟಲೆ ಆಡಿದರೂ ಒಬ್ಬರ ಅಂಗಿಗೂ ಕೆಸರು ತಾಗಲಿಲ್ಲ, ಒಬ್ಬರ ಮುಖದಲ್ಲೂ ನಗು ಕಾಣಲಿಲ್ಲ. ಆಡುವಾಗ ಆಕಳಿಸುವ ಆಟಗಾರರನ್ನು ನಾನು ನೋಡಿದ್ದು ನಮ್ಮೂರಲ್ಲೇ.

ಇದು ಸಮಿತಿಯವರಿಗೂ ಕಾಣುತ್ತಿತ್ತು. ಆದರೆ ಅವರ ಪ್ರಕಾರ ದೋಷ ನಿಯಮದ್ದಲ್ಲ, ಈಗಿನ ರಕ್ತದ್ದು. ಪರ್ವತಪ್ಪನವರು ವರ್ಷಕ್ಕೊಮ್ಮೆ ಮೈಕಿನ ಮುಂದೆ ನಿಂತು, ಹಿಂದಿನವರ ಶೌರ್ಯ ಇಂದಿನ ಯುವಕರಲ್ಲಿಲ್ಲ ಅಂತ ಗದ್ಗದಿತರಾಗುತ್ತಿದ್ದರು. ಒಂದು ವರ್ಷ ಮಾಳಿಗೆಯ ಮೇಲೆ ಬಜ್ಜಿ ನಿಷೇಧಿಸಿದರು. ಯುವಕರು ಚಕ್ಕುಲಿಗೆ ಹೋದರು. ಇನ್ನೊಂದು ವರ್ಷ ಉತ್ತಮ ಶೈಲಿಗೆ ಬೆಳ್ಳಿಯ ಲೋಟ ಇಟ್ಟರು. ಅಳಿಯಂದಿರು ಒಂದು ಗಿರಕಿ ಹೊಡೆದು, ಮೀಸೆ ತೀಡಿ, ಅದೇ ಹುರಿಗಡಲೆ ಕಲ್ಲನ್ನೇ ಬೀಸಿದರು. ಲೋಟ ಮಾವನ ಕೈಯಿಂದ ಅಳಿಯನ ಕೈಗೆ ಬಂತು. ನಿಯಮವನ್ನು ಮುಟ್ಟೋಣ ಅಂತ ಮಾತ್ರ ಒಬ್ಬರೂ ಅನ್ನಲಿಲ್ಲ. ಮುಟ್ಟಿದವರು ಔಟಲ್ಲವೇ!

ಹಾಗಾದರೆ ಕೋಣವನ್ನು ಕೆಡವುತ್ತಿದ್ದವರು ಯಾರು? ನಾವು. ಭಟ್ಟಿ ಓಣಿಯವರು. ಮಂಡಕ್ಕಿ ಹುರಿಯುವ, ರಿಕ್ಷಾ ತುಳಿಯುವ, ಹೊರೆ ಹೊರುವ ಮಂದಿ. ನಮಗೆ ಸಮಿತಿ ಕೊಟ್ಟ ಜಾಗಕ್ಕೆ ಒಂದು ಹೆಸರಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಕ್ಕಳ ಆಟದಲ್ಲಿ ತೀರ ಸಣ್ಣದು ಅಳದಿರಲಿ ಅಂತ ಸೇರಿಸಿಕೊಳ್ಳುತ್ತಾರಲ್ಲ, ಓಡಬಹುದು, ಕಿರುಚಬಹುದು, ಹಿಡಿದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ, ಹಾಗೆ. ನಮ್ಮ ಏಟಿಗೆ ಅಂಕವಿಲ್ಲ, ಅಂಕವಿಲ್ಲದ್ದಕ್ಕೆ ನೀರಿಲ್ಲ, ನೀರಿಲ್ಲದ್ದಕ್ಕೆ ಕಾಲುವೆಯೂ ಇಲ್ಲ. ಓಣಿಯ ನಡುವೆ ನಮ್ಮ ಹಿರಿಯರು ಒಂದು ಬಾವಿ ತೋಡಿಟ್ಟಿದ್ದರು. ಅದು ಬಾಯಿ ತೆರೆದುಕೊಂಡೇ ಮುದಿಯಾಗಿತ್ತು. ಮೇಲಿನ ಓಣಿಯವರು ತುಂಬಿಕೊಂಡ ಮೇಲೆ ಮೈದಾನದಲ್ಲಿ ಕೋಣ ಬಿದ್ದ ಹೊಂಡದ ತಳದಲ್ಲಿ ಉಳಿದ ರಾಡಿಯನ್ನು ನಾವು ಬಟ್ಟೆಯಲ್ಲಿ ಸೋಸಿ ತರುತ್ತಿದ್ದೆವು. ಮಂಡಕ್ಕಿಗೆ ಅಕ್ಕಿ ನೆನೆಸಲು ನೀರು ಸಾಲದೆ ನಮ್ಮ ಭಟ್ಟಿ ಆಗಾಗ ಆರಿಯೇ ಇರುತ್ತಿತ್ತು. ಭಟ್ಟಿ ಆರಿದ ದಿನ ಒಲೆಯೂ ಆರುತ್ತದೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮಾತು. ಆಟದ ರುಚಿ ಗೊತ್ತಿದ್ದವರು ನಾವೇ. ನಮ್ಮ ಸಣ್ಣವ್ವ ಹಂಪಮ್ಮ, ಅಂದರೆ ನಮ್ಮವ್ವನ ತಂಗಿ, ಭಟ್ಟಿಯಲ್ಲಿ ಮಂಡಕ್ಕಿ ಕೆದಕುವ ಉದ್ದನೆಯ ಕಬ್ಬಿಣದ ಸೌಟು ಹಿಡಿದು ಮೈದಾನಕ್ಕೆ ಇಳಿದರೆ, ಸೆರಗು ಸಿಕ್ಕಿಸಿ ಕೋಣದ ಹೊಟ್ಟೆಯ ಕೆಳಗಿನಿಂದ ನುಸುಳಿ ಆಚೆ ಬರುತ್ತಿದ್ದಳು. ಕೋಣದ ಎಡಗಿವಿ ಜೋತುಬಿದ್ದರೆ ಬಲಗೊಂಬು ಬರುತ್ತದೆ. ಅದು ನಮಗೆ ಹೊಡೆತ ತಿಂದು ತಿಂದು ಬಾಯಿಪಾಠವಾಗಿತ್ತು. ರಿಕ್ಷಾ ದಾದಾಪೀರ್ ಕೋಣದ ಮುಂದೆ ರಿಕ್ಷಾ ತಿರುಗಿಸುತ್ತ ಗಂಟೆ ಬಾರಿಸುವನು, ಕೋಣ ಮುಖ ತಿರುಗಿಸುವುದು. ನಾನು ಭಟ್ಟಿಯ ಬಿಸಿ ಮರಳನ್ನು ಬುಟ್ಟಿಯಲ್ಲಿ ತಂದು ಅದರ ಮೊಣಕಾಲಿಗೆ ಎರಚುವೆನು. ಕೆಸರು ಒಣಗಿ ಗಡಸಾದ ಕೂಡಲೇ ಸಣ್ಣವ್ವನ ಸೌಟು ಬಿದ್ದು ಅದು ಹೆಂಟೆಯ ಹಾಗೆ ಒಡೆಯುವುದು. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ಅಂಕವಿಲ್ಲದ್ದರಿಂದ ತಪ್ಪು ಮಾಡಲು ನಮಗೆ ಹೆದರಿಕೆ ಇರಲಿಲ್ಲ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆಸರಿನ ವಿಚಾರ. ಕೋಣ ಎಲ್ಲಿ ಮುಟ್ಟಿತೋ ಅಲ್ಲಿ ಕೆಸರು ಹತ್ತುತ್ತದೆ, ಒಣಗಿದರೆ ಆ ಅಂಗ ಕಲ್ಲಾಗುತ್ತದೆ. ಒಣಗುವುದರೊಳಗೆ ನೀವು ತಿರುಗಿ ಒಂದು ಕೊಟ್ಟರೆ ಕೆಸರು ತಾನಾಗಿ ಉದುರುತ್ತದೆ. ಏಟು ತಿಂದವರು ಹಿಂದೆ ಸರಿಯಬಾರದು, ಮುಂದೆ ನುಗ್ಗಬೇಕು. ಭಟ್ಟಿ ಓಣಿಯ ಕೂಸುಗಳಿಗೂ ಇದು ಗೊತ್ತು. ಮೇಲಿನ ಓಣಿಯವರಿಗೆ ಮಾತ್ರ ಗೊತ್ತಿರಲಿಲ್ಲ. ಮಾಳಿಗೆಯ ಆಟ ಬರುವ ಮೊದಲು ಅವರಲ್ಲಿ ಮುಟ್ಟಿಸಿಕೊಂಡವರು ಸೀಟಿಗೆ ವಿಧೇಯರಾಗಿ ಗೆರೆಯಾಚೆ ಹೋಗಿ ನಿಲ್ಲುತ್ತಿದ್ದರು, ನಿಂತಲ್ಲೇ ಒಣಗುತ್ತಿದ್ದರು. ಸೀಟಿ ಮಾಸ್ತರರ ಎಡಗಿವಿ ಹೀಗೇ ಕಲ್ಲಾದದ್ದು. ನಮ್ಮ ಅಹವಾಲುಗಳೆಲ್ಲ ಅವರಿಗೆ ಆ ಕಿವಿಯಿಂದಲೇ ಕೇಳಿಸುತ್ತಿದ್ದವು. ಒಮ್ಮೆ ಔಟಾದವರು ಮತ್ತೆ ಕಣಕ್ಕೆ ಇಳಿಯಬಾರದು ಅನ್ನುವ ಪದ್ಧತಿ ಇದ್ದದ್ದರಿಂದ, ಕಲ್ಲಾದದ್ದು ಮತ್ತೆ ಉದುರುತ್ತದೋ ಇಲ್ಲವೋ ಯಾರೂ ಕಂಡವರಿಲ್ಲ.

ಹೀಗಿರುವಾಗ ಒಂದು ಮಂಗಳವಾರ ನೋಡುವವರ ಕುರ್ಚಿಗಳು ತಿರುಗಿದವು. ಬಾಲ್ಕನಿಗಳಲ್ಲಿ ಗಿರಣಿಯ ಕಡೆ ಮುಖ ಮಾಡಿ ಕೂತಿದ್ದ ದೊಡ್ಡ ಮನೆಯ ಹೆಂಗಸರು ಮೆಲ್ಲಗೆ ಕುರ್ಚಿ ಎಳೆದು ನಮ್ಮ ಕಡೆ ತಿರುಗಿಸಿದರು. ಸಣ್ಣವ್ವ ಕೋಣದ ಬಾಲ ಹಿಡಿದು ಜೋಕಾಲಿಯಾಡಿದಾಗ ಚಪ್ಪಾಳೆಯೂ ಬಿತ್ತು. ಪರ್ವತಪ್ಪನವರ ಮೊಮ್ಮಗಳು, ಇನ್ನೂ ಹಾಲುಹಲ್ಲಿನದು, ತಾನೂ ಲೆಕ್ಕಕ್ಕಿಲ್ಲದವರ ಕಡೆ ಹೋಗುತ್ತೇನೆ ಅಂತ ಇಡೀ ಮೈದಾನಕ್ಕೆ ಕೇಳುವಂತೆ ಹಟ ಹಿಡಿದು ಅತ್ತಳು. ಅಜ್ಜನ ಮುಖ ಮಣ್ಣಿನ ಕೋಣದ್ದಕ್ಕಿಂತ ಕಪ್ಪಾಯಿತು.

ಆ ವಾರವೇ ಸಮಿತಿಯವರು ನಮ್ಮ ಓಣಿಗೆ ಬಂದರು. ಭಟ್ಟಿ ಓಣಿಯವರನ್ನು ಇನ್ನು ಮುಂದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿಯೂ, ಎಲ್ಲರಿಗೂ ಒಂದೇ ನಿಯಮವೆಂದೂ, ಅಂಕ ಗಳಿಸಿದರೆ ನಮ್ಮ ಬಾವಿಗೂ ಕಾಲುವೆ ತೋಡಿಸುವುದೆಂದೂ ಹೇಳಿದರು. ನಮ್ಮ ಓಣಿ ಹಿಗ್ಗಿಹೋಯಿತು. ಮಂಡಕ್ಕಿ ಒಗ್ಗರಣೆ ಹಾಕಿ ಹಂಚಿದೆವು, ಸಮಿತಿಯವರಿಗೂ ಕೊಟ್ಟೆವು. ಅವರು ಕೈ ತಾಗದಂತೆ ಕಾಗದದಲ್ಲಿ ತೆಗೆದುಕೊಂಡರು. ದಾದಾಪೀರ್ ಒಬ್ಬನೇ ಎಲ್ಲರಿಗೂ ಒಂದೇ ನಿಯಮ ಅಂದರೆ ಮಾಳಿಗೆಯೂ ಎಲ್ಲರಿಗೂ ಒಂದೇ ಏನು ಅಂತ ಕೇಳಿದ. ಅವನನ್ನು ಸುಮ್ಮನಿರಿಸಿದವಳು ಸಣ್ಣವ್ವ. ಹುಟ್ಟಿದಾಗಿನಿಂದ ಲೆಕ್ಕಕ್ಕಿಲ್ಲದೆ ಬಾಳಿದವಳು. ಹಲಗೆಯ ಮೇಲೆ ಒಮ್ಮೆ ತನ್ನ ಹೆಸರು ಬೀಳಬೇಕು, ಆ ಬಾವಿಯಲ್ಲಿ ಒಮ್ಮೆ ಕೊಡ ಮುಳುಗುವ ಸದ್ದು ಕೇಳಬೇಕು; ಅವಳಿಗೆ ಬೇಕಾದದ್ದು ಇಷ್ಟೇ.

"ಸಾಯೂದ್ರಾಗ ಒಂದ್ಸಲ ಎಣಿಸ್ಕೋತೀನಿ ಬಿಡ್ರೋ," ಅಂದಳು.

ಆ ಮಂಗಳವಾರದ ಆಟವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅದೇ ಕೋಣ, ಅದೇ ನಾವು. ಆದರೆ ಹಲಗೆಯ ಮೇಲೆ ನಮ್ಮ ಹೆಸರುಗಳಿದ್ದವು. ಮೊದಲ ಸಲ ನನಗೆ ಕೋಣದ ಭಯ ಹುಟ್ಟಿತು. ಮುಟ್ಟಿದರೆ ಅಂಕ ಹೋಗುತ್ತದೆ ಅಂತ ಹತ್ತಿರ ಹೋಗಲಾರೆವು. ಹತ್ತಿರ ಹೋಗದೆ ಹೊಡೆಯಲು ಮಾಳಿಗೆಯಿಲ್ಲ. ನಮ್ಮವು ತಗಡಿನ ಮನೆಗಳು, ಬೆಕ್ಕು ಹತ್ತಿದರೂ ಗುಡುಗಿದಂತಾಗುತ್ತದೆ. ಮರಳಿನ ಬುಟ್ಟಿ ಹಿಡಿದ ನಾನು ದೂರದಿಂದ ಎರಚಿದೆ. ಗಾಳಿಗೆ ಅದು ನನ್ನ ಕಣ್ಣಿಗೇ ಬಿತ್ತು. ದಾದಾಪೀರ್ ಗಂಟೆಯನ್ನೂ ಬೆರಳಿನ ತುದಿಯಿಂದ ಬಾರಿಸಿದ. ಕೋಣದ ಬೆನ್ನಿನ ಮೇಲೆ ಕುಣಿಯುತ್ತಿದ್ದ ಮಂದಿ ಗೆರೆಗೆ ಅಂಟಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ ನಿಂತೆವು. ಕೆಲವರು ಹುರಿಗಡಲೆ ಕಲ್ಲು ಆರಿಸತೊಡಗಿದರು. ಮೇಲಿನವರನ್ನು ಅಂಜುಬುರುಕರು ಅಂತ ಇಷ್ಟು ವರ್ಷ ಬೈದದ್ದು ಅರ್ಧ ಸುಳ್ಳು ಅಂತ ಆಗ ತಿಳಿಯಿತು. ಅದೇ ನಿಯಮದ ಕೆಳಗೆ ನಿಲ್ಲಿಸಿದರೆ ಹುಲಿಯೂ ಹುರಿಗಡಲೆ ಆರಿಸುತ್ತದೆ.

ತಡೆಯಲಾರದೆ ಸಣ್ಣವ್ವ ನುಗ್ಗಿದಳು. ಒಂದು ಹೊಡೆದಳು, ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಒಂದು ಅಂಕ ಬಿತ್ತು. ಆಕೆ ಅದನ್ನು ನೋಡಲು ತಿರುಗಿದಳು. ಅಷ್ಟು ಸಾಕಾಯಿತು. ಎಡಗಿವಿ ಜೋತುಬಿದ್ದದ್ದನ್ನು ಜೀವಮಾನದಲ್ಲಿ ಮೊದಲ ಸಲ ಅವಳು ಕಾಣಲಿಲ್ಲ. ಕೊಂಬು ಸೌಟಿನ ಕೈಯನ್ನು ಸವರಿತು, ಸೀಟಿ ಕೂಗಿತು. ತಿರುಗಿ ಹೊಡೆಯಲು ಅವಳು ಕೈ ಎತ್ತಿದಾಗ ಸಮಿತಿಯ ಇಬ್ಬರು ಬಂದು, ಔಟಾದವರು ಹೊಡೆಯುವಂತಿಲ್ಲ ಅಂತ, ಮೈ ತಾಗದಂತೆ ಕೋಲು ಅಡ್ಡ ಹಿಡಿದು ಅವಳನ್ನು ಗೆರೆಯಾಚೆ ದಾಟಿಸಿದರು. ಅಲ್ಲಿ ನಮ್ಮ ಕಣ್ಣೆದುರಿಗೇ ಅವಳ ಬಲಗೈ ಬೆರಳಿನಿಂದ ಭುಜದವರೆಗೆ ಬೂದು ಬಣ್ಣಕ್ಕೆ ತಿರುಗಿ ಕಲ್ಲಾಯಿತು. ಹಲಗೆಯ ಮೇಲಿನ ಒಂದನ್ನೂ ಮಾಸ್ತರ ಒರೆಸಿದರು. ಕೋಣ ಸಾವಕಾಶ ಮೈದಾನ ಸುತ್ತಿ, ಗಿರಣಿಯ ಗೋಡೆಗೆ ಮೈ ತಿಕ್ಕಿ, ಹೊತ್ತು ಇಳಿಯುವಾಗ ಕೆರೆಗೆ ಹೋಗಿ ಮಲಗಿತು.

ಊರಿಗೆ ನೀರಿಲ್ಲ. ಮೇಲಿನ ಓಣಿಗೂ ಇಲ್ಲ, ಕೆಳಗಿನ ಓಣಿಗೂ ಇಲ್ಲ. ಸಭೆ ಕರೆದರು. ಅಂಕದ ಲೆಕ್ಕದಲ್ಲಿ ಅಳಿಯಂದಿರೇ ಆ ವಾರವೂ ಚಾಂಪಿಯನ್, ಹಾರ ಹಾಕಿದರು. ಆಮೇಲೆ ತಪ್ಪು ಯಾರದೆಂಬ ವಿಚಾರ ಬಂತು. ಇವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದೇ ಅಪಶಕುನ ಅಂದರು ಒಬ್ಬರು. ಅರ್ಹತೆ ಇಲ್ಲದವರಿಗೆ ಅವಕಾಶ ಕೊಟ್ಟರೆ ಹೀಗೇ ಅಂದರು ಇನ್ನೊಬ್ಬರು. ನನಗೆ ನಾಲಿಗೆ ತುದಿಗೆ ಬಂದ ಮಾತುಗಳು ಅಚ್ಚಿಗೆ ತಕ್ಕವಲ್ಲ. ಕೊನೆಗೆ ಪರ್ವತಪ್ಪನವರು ಎದ್ದು, ಭಟ್ಟಿ ಓಣಿಯವರು ಹಿಂದಿನ ಹಾಗೆಯೇ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಠರಾವು ಓದಿದರು.

ಸಣ್ಣವ್ವ ಸಭೆಯ ಅಂಚಿನಲ್ಲಿ ಕಲ್ಲಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೂತಲ್ಲಿಂದಲೇ ಕೇಳಿದಳು: "ಲೆಕ್ಕಕ್ಕಿಲ್ಲ ಅಂದ ಮ್ಯಾಲ ಆ ಸುಣ್ಣದ ಗೆರಿನೂ ನಮಗ ಇಲ್ಲೇನ್ರೀ ಸಾಹೇಬ್ರ?"

ಪರ್ವತಪ್ಪನವರಿಗೆ ನೀರಡಿಕೆಯಾಗಿತ್ತು, ಸಿಟ್ಟೂ ಬಂದಿತ್ತು. "ನಿಮಗ್ಯಾತರ ಗೆರಿ? ಬೇಕಾದಲ್ಲಿ ಹೋಗಿ ಸಾಯ್ರಿ," ಅಂದರು. ಸಭೆ ನಕ್ಕಿತು. ಸಣ್ಣವ್ವ ಎದ್ದು ಬಂದಳು. ಓಣಿಗೆ ಬಂದವಳು ಮೊದಲು ಬಾವಿಯ ಹತ್ತಿರ ಹೋಗಿ ಅದರ ಕಟ್ಟೆಯ ಮೇಲೆ ಒಣಹಾಕಿದ್ದ ಗೋಣಿಚೀಲಗಳನ್ನು ತೆಗೆದಳು. ಆಮೇಲೆ ದಾದಾಪೀರನ ರಿಕ್ಷಾ ಗಂಟೆಗೆ ಎಣ್ಣೆ ಬಿಡಲು ಹೇಳಿದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಣೆ ಹಣೆ ಬಡಿದುಕೊಂಡೆ. ಕೋಣ ಬಿದ್ದಲ್ಲೇ ನೀರಾಗುತ್ತದೆ, ಇದು ಊರಿನ ಪ್ರತಿ ಕೂಸಿಗೂ ಗೊತ್ತು. ಲೆಕ್ಕಕ್ಕಿರುವವರು ಗೆರೆಯೊಳಗೆ ಆಡಬೇಕು, ಯಾಕೆಂದರೆ ಅಂಕ ಬೀಳುವುದು ಅಲ್ಲಿ. ಲೆಕ್ಕಕ್ಕೇ ಇಲ್ಲದ ನಾವು ಅಜ್ಜ ಮುತ್ತಜ್ಜರ ಕಾಲದಿಂದ ಆ ಗೆರೆಯೊಳಗೇ ಕೋಣ ಕೆಡವಿ, ಅವರ ಹೊಂಡ ತುಂಬಿಸಿ, ರಾಡಿ ಹೊತ್ತು ತಂದೆವು. ಗೆರೆ ದಾಟಬೇಡಿ ಅಂತ ನಮಗೆ ಒಬ್ಬರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಮಂಗಳವಾರ ಕೋಣ ಬಂತು. ಮಾಳಿಗೆಯಿಂದ ಹುರಿಗಡಲೆ ಮಳೆ ಸುರಿಯಿತು. ನಾವು ಇಳಿದೆವು. ಕೆಡವಲಿಕ್ಕಲ್ಲ, ಕರೆದೊಯ್ಯಲಿಕ್ಕೆ. ದಾದಾಪೀರ್ ಗಂಟೆ ಬಾರಿಸುತ್ತ ನಮ್ಮ ಓಣಿಯ ಕಡೆ ರಿಕ್ಷಾ ತುಳಿದ, ಕೋಣ ಅವನ ಬೆನ್ನು ಹತ್ತಿತು, ಅಕ್ಕಪಕ್ಕಕ್ಕೆ ಹೊರಳದಂತೆ ನಾವು ಎರಡೂ ಬದಿಯಿಂದ ಕೊಟ್ಟೆವು, ತಿಂದೆವು, ಮತ್ತೆ ಕೊಟ್ಟೆವು. ನನ್ನ ಮೊಣಕೈಗೆ ಕೆಸರು ಹತ್ತಿತು, ಹತ್ತಿದ ಕೈಯಿಂದಲೇ ಬಾರಿಸಿದೆ, ಉದುರಿತು. ಮೈಯೆಲ್ಲ ನಗು ಬಂತು. ಆದರೆ ಗೆರೆಯ ಹತ್ತಿರ ಬಂದಾಗ ನಮ್ಮೆಲ್ಲರ ಕಾಲುಗಳು ತಾವಾಗಿ ನಿಂತವು. ನೋಡಿದರೆ ಒಂದು ಹಿಡಿ ಸುಣ್ಣ, ಮೆಟ್ಟಿದರೆ ಸುಡುವುದೂ ಇಲ್ಲ. ಆದರೂ ನಿಂತವು. ದಾದಾಪೀರನ ರಿಕ್ಷಾ ಕೂಡ ನಿಂತಿತು. ಮೊದಲು ದಾಟಿದ್ದು ಕೋಣ. ಪಾಪ, ಅದಕ್ಕೇನು ಗೊತ್ತು, ಮನುಷ್ಯರ ಮಡಿ ಮರ್ಯಾದೆ. ಅದರ ಗೊರಸಿನ ಕೆಳಗೆ ಸುಣ್ಣ ಕೆಸರಾಗಿ ಕಲೆಸಿಹೋದ ಮೇಲೆ ನಮಗೂ ಧೈರ್ಯ ಬಂತು.

ಸೀಟಿ ಮಾಸ್ತರ ಕೆನ್ನೆ ಒಡೆಯುವಂತೆ ಊದಿದರು. "ಲೆಕ್ಕಕ್ಕಿಲ್ರೀ ಮಾಸ್ತರ," ಅಂತ ದಾದಾಪೀರ್ ಅವರ ಕಲ್ಲಿನ ಕಿವಿಗೇ ಕೂಗಿ ಹೇಳಿದ, ಗಂಟೆ ಬಾರಿಸುತ್ತ ಮುಂದೆ ಹೋದ.

ಭಟ್ಟಿ ಓಣಿಯಲ್ಲಿ ಎರಡು ರಿಕ್ಷಾ ಎದುರಾದರೆ ಒಂದು ಹಿಂದೆ ಸರಿಯಬೇಕು, ಅಷ್ಟೇ ಅಗಲ. ಅಲ್ಲಿ ಕೋಣಕ್ಕೆ ಹೊರಳಲು ಜಾಗವಿಲ್ಲ. ಮರಳನ್ನು ದೂರದಿಂದ ಹೊತ್ತು ತರಬೇಕಾಗಿರಲಿಲ್ಲ; ಪ್ರತಿ ಭಟ್ಟಿಯ ಬಾಗಿಲಿಂದ ಸೌಟುಗಟ್ಟಲೆ ಬಿಸಿ ಮರಳು ಹಾರಿ ಬಂತು. ಮೈದಾನಕ್ಕೆ ಬರಲಾರದ ಮುದುಕಿಯರು ಹೊಸ್ತಿಲಲ್ಲೇ ಕೂತು, ಹೋಗುವ ಕೋಣಕ್ಕೆ ಕೈಗೆ ಸಿಕ್ಕಿದ್ದರಿಂದ ಒಂದೊಂದು ಕೊಟ್ಟು ಕಳಿಸಿದರು, ಹಳೆಯ ಬಾಕಿ ಇದ್ದವರ ಹಾಗೆ. ಬಾವಿಯ ಹತ್ತಿರ ಬರುವಷ್ಟರಲ್ಲಿ ಅದರ ಮುಂಗಾಲು ಎರಡೂ ಬಿರುಕು ಬಿಟ್ಟಿದ್ದವು. ಕಟ್ಟೆಯ ಮೇಲೆ ಸಣ್ಣವ್ವ ನಿಂತಿದ್ದಳು. ಕೈಯಲ್ಲಿ ಸೌಟಿರಲಿಲ್ಲ. ಕಲ್ಲಿನ ಬೆರಳುಗಳು ಮಡಚಿದರೆ ತಾನೇ ಹಿಡಿಯುವುದು!

ಎಡಗಿವಿ ಜೋತುಬಿತ್ತು. ಅವಳು ಹಲಗೆಯ ಕಡೆ ನೋಡಲಿಲ್ಲ, ಅಲ್ಲಿ ಹಲಗೆಯೇ ಇರಲಿಲ್ಲ. ಬಲಗೊಂಬು ಬೀಸಿ ಬಂದಾಗ ಸೊಂಟ ಬಳುಕಿಸಿ ಅದನ್ನು ಹೋಗಗೊಟ್ಟು, ಎಡಗೈಯಿಂದ ಬಲಗೈಯನ್ನು ಕಲ್ಲುಗುಂಡಿನ ಹಾಗೆ ಎತ್ತಿ, ಕೋಣದ ಎರಡು ಕಣ್ಣಿನ ನಡುವೆ ಇಳಿಸಿದಳು. ನಾನು ಕೇಳಿದ ಸದ್ದು ಕೋಣ ಒಡೆದದ್ದೋ ಕೈ ಒಡೆದದ್ದೋ ತಿಳಿಯಲಿಲ್ಲ. ಎರಡೂ ಒಡೆದಿದ್ದವು. ಕಲ್ಲು ಚಕ್ಕೆಚಕ್ಕೆಯಾಗಿ ಉದುರಿ, ಒಳಗಿನಿಂದ ಸುಟ್ಟ ಕಲೆಗಳೆಲ್ಲ ಹಾಗೆಯೇ ಇದ್ದ ಅವಳ ಹಳೆಯ ಕೈ ಹೊರಬಂತು. ಕೋಣ ಬಾವಿಯ ಬಾಯಿಗೆ ಮುಖ ಹಾಕಿ ಕುಸಿಯಿತು. ಆಮೇಲೆ ಕೋಣವಿರಲಿಲ್ಲ, ನೀರಿತ್ತು. ಬಾವಿ ತುಂಬುವ ಸದ್ದು ಇಷ್ಟು ದೊಡ್ಡದೆಂದು ನಮಗೆ ಗೊತ್ತೇ ಇರಲಿಲ್ಲ. ಸಣ್ಣವ್ವ ಕೊಡ ತರಿಸಿ ತಾನೇ ಹಗ್ಗ ಕಟ್ಟಿ ಇಳಿಬಿಟ್ಟಳು. ಅದು ಗುಳು ಗುಳು ಅಂತ ಮುಳುಗಿದಾಗ ಇಡೀ ಓಣಿ ಬಾಯಿ ಮುಚ್ಚಿಕೊಂಡು ಕೇಳಿತು.

ಮರುದಿನ ಬೆಳಿಗ್ಗೆ ಮೇಲಿನ ಓಣಿಗಳ ಕೊಡಗಳು ಬಂದವು. ನಮ್ಮೂರಲ್ಲಿ ಬಾಯಾರಿಕೆಗೆ ಜಾತಿಯಿಲ್ಲ ಅಂತ ಭಾಷಣದಲ್ಲಿ ಕೇಳಿದ್ದೆ, ಕಣ್ಣಿಂದ ಕಂಡದ್ದು ಅಂದೇ. ಹೆಂಗಸರು ಪಾಳಿಯಲ್ಲಿ ನಿಂತರು. ಕೆಲವರಿಗೆ ನಮ್ಮ ಹಗ್ಗ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು, ನೀರಡಿಕೆ ಅವರಿಗೂ ಬುದ್ಧಿ ಹೇಳಿತು. ನಾವು ಯಾರಿಗೂ ಇಲ್ಲ ಅನ್ನಲಿಲ್ಲ. ರಾಡಿ ಸೋಸಿ ಕುಡಿದವರಿಗೆ ಅದರ ರುಚಿ ಇನ್ನೊಬ್ಬರಿಗೆ ತೋರಿಸುವ ಮನಸ್ಸಿರುವುದಿಲ್ಲ. ಪರ್ವತಪ್ಪನವರು ಮೊಮ್ಮಗಳ ಕೈ ಹಿಡಿದುಕೊಂಡು, ಜೊತೆಗೆ ಸೀಟಿ ಮಾಸ್ತರರನ್ನೂ ಕರೆದುಕೊಂಡು ಬಂದರು. ಕೆಮ್ಮಿದರು. ಆಟವೆಂದ ಮೇಲೆ ನಿಯಮ ಇರಬೇಕಾಗುತ್ತದೆಂದೂ, ನಿಯಮವಿಲ್ಲದಿದ್ದರೆ ಅದು ದೊಂಬಿಯಾಗುತ್ತದೆಂದೂ, ಮುಂದಿನ ಮಂಗಳವಾರಕ್ಕೆ ಯಾವ ನಿಯಮವೆಂಬುದನ್ನು ಈಗಲೇ ತೀರ್ಮಾನಿಸುವುದು ಒಳ್ಳೆಯದೆಂದೂ ಹೇಳಿದರು.

ಸಣ್ಣವ್ವ ಕೊಡ ಸೇದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಿಯಮ ಐತ್ರಿ. ಮುಟ್ಟಿಸಿಕೊಂಡವರು ಒಳಗ."

ಆ ಮುಂದಿನ ಮಂಗಳವಾರ ಗಿರಣಿಯ ಮಾಳಿಗೆಯ ಮೇಲೆ ಬಜ್ಜಿಯ ತಟ್ಟೆ ಇತ್ತು, ಕುರ್ಚಿ ಖಾಲಿ ಇತ್ತು. ನಿರಂಜನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಳಗೆ ಬಂದಿದ್ದ. ಕೆಳಗಿನಿಂದ ಕೋಣ ಅಷ್ಟು ಎತ್ತರ ಕಾಣುತ್ತದೆಂದು ಅವನಿಗೆ ತಿಳಿದಿರಲಿಲ್ಲ ಅಂತ ಕಾಣುತ್ತದೆ, ಬಾಯಿ ತೆರೆದು ನೋಡುತ್ತ ನಿಂತ. ಕೋಣ ಹೋಗುತ್ತ ಹೋಗುತ್ತ ಬಾಲದಿಂದ ಅವನ ಎದೆಗೆ ಒಂದಿಷ್ಟು ಕೆಸರು ಬಳಿಯಿತು. ಅವನು ಹಳೆಯ ಪದ್ಧತಿಯಂತೆ ಎರಡೂ ಕೈ ಕೆಳಗೆ ಬಿಟ್ಟು, ಸೀಟಿಗಾಗಿ ಕಾಯುತ್ತ ನಿಂತುಬಿಟ್ಟ. ಸೀಟಿ ಬರಲಿಲ್ಲ. ಅಂಗಿಯ ಮೇಲಿನ ಕೆಸರಿನ ಅಂಚು ಬೂದಾಗತೊಡಗಿತು. ರಿಕ್ಷಾ ನಿಲ್ಲಿಸಿದ ದಾದಾಪೀರ್ ಅವನ ಬೆನ್ನಿಗೆ ಕೈಯಿಟ್ಟು ಕೋಣದ ಕಡೆ ನೂಕಿದ.

"ಹೊಡೀರಿ ಅಳಿಯಂದಿರ," ಅಂದ, "ಒಣಗಾಕತ್ತೈತಿ."